ಬಗನಿ ಮರದಿಂದ ಬ್ರಾಂದಿ ಅಂಗಡಿಗೆ

ಮಲೆನಾಡಿನ ಅಂಚಿನ ಊರುಗಳಲ್ಲಿ ಹೆಂಡದಂಗಡಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ತಿಳಿಯುವ ಆಸೆಯಿಂದ ಶಿವಮೊಗ್ಗದಲ್ಲಿ ಬಸ್ಸು ಹತ್ತಿದೆ. ಶಿಕಾರಿಪುರ ಸಮೀಪಿಸುತ್ತಿದ್ದಂತೆ ರಸ್ತೆಯ ಎರಡೂ ಕಡೆ ಮೆಕ್ಕೆಜೋಳದ ಹೊಲಗಳು, ನಡುನಡುವೆ ಅಡಿಕೆ ತೋಟ.

ಪೇಟೆಯ ಬ್ರಾಂದಿ ಅಂಗಡಿ ಆಗಷ್ಟೇ ಬಾಗಿಲು ತೆರೆದಿತ್ತು. ಮುಂಭಾಗಕ್ಕೆಲ್ಲ ಕಬ್ಬಿಣದ ಸರಳು, ನಡುವೆ ಕೈ ತೂರುವಷ್ಟು ಕಿಂಡಿ. ಮಡಚಿದ ನೋಟು ಒಳಗೆ ಹೋಗುತ್ತದೆ, 90 ಎಂಎಲ್‌ನ ಟೆಟ್ರಾ ಪ್ಯಾಕ್ ಹೊರಗೆ ಬರುತ್ತದೆ. ಕೊಟ್ಟವನೂ ಕೊಂಡವನೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಇದು ಸಿಎಲ್-2 ಸನ್ನದಿನ ಅಂಗಡಿ, ಇಲ್ಲಿ ಕೂತು ಕುಡಿಯುವಂತಿಲ್ಲ. ಕೂರಬೇಕಾದರೆ ಸಿಎಲ್-9 ಇರುವ ಬಾರಿಗೆ ಹೋಗಬೇಕು. 1992ರಿಂದ ಈ ಎರಡೂ ಬಗೆಯ ಹೊಸ ಸನ್ನದುಗಳನ್ನು ಸರ್ಕಾರ ನಿಲ್ಲಿಸಿದ್ದರಿಂದ ಹಳೆಯ ಸನ್ನದಿಗೇ ಚಿನ್ನದ ಬೆಲೆ ಬಂತು. ಸನ್ನದು ಒಬ್ಬರ ಹೆಸರಿನಲ್ಲಿ, ವ್ಯಾಪಾರ ಇನ್ನೊಬ್ಬರ ಕೈಯಲ್ಲಿ ಇರುವುದು ಈ ಧಂದೆಯಲ್ಲಿ ಹೊಸತೇನಲ್ಲ.

ಮಧ್ಯಾಹ್ನ ಶಿರಾಳಕೊಪ್ಪದ ದಾರಿ ಹಿಡಿದೆ. ಅಕ್ಕಮಹಾದೇವಿಯ ಉಡುತಡಿ, ಅಲ್ಲಮಪ್ರಭುವಿನ ಬಳ್ಳಿಗಾವಿ ಎರಡೂ ಶಿಕಾರಿಪುರ ತಾಲ್ಲೂಕಿನವೇ. ಬಳ್ಳಿಗಾವಿಯ ಕೇದಾರೇಶ್ವರ ಗುಡಿಯ ತಣ್ಣನೆಯ ಕಲ್ಲಿನ ಮೇಲೆ ಕೂತಾಗ ಹೆಂಡದ ಮಾರಯ್ಯ ನೆನಪಾದ. ಇಲ್ಲಿಂದ ಹೊರಟವರು ಸೇರಿದ ಕಲ್ಯಾಣದ ಶರಣರ ಬಳಗದಲ್ಲಿ ಹೆಂಡ ಮಾರುವುದನ್ನೇ ಕಾಯಕ ಮಾಡಿಕೊಂಡಿದ್ದವನು ಅವನು. ಕಸುಬಿನ ಹೆಸರನ್ನು ಮರೆಸದೆ, ಅದೇ ಹೆಸರಿನಿಂದ ಅವನನ್ನು ವಚನಕಾರನೆಂದು ಗೌರವಿಸಿದ್ದು 12ನೇ ಶತಮಾನದಲ್ಲಿ. ಆಮೇಲಿನ ಶತಮಾನಗಳು ಮರ ಹತ್ತುವವರಿಗೆ ಆ ಗೌರವ ಉಳಿಸಲಿಲ್ಲ.

ಮುಂದೆ ಸೊರಬ ತಾಲ್ಲೂಕು. ಅಲ್ಲಿನ ಆನವಟ್ಟಿಯಿಂದ ಕುಬಟೂರು ಹತ್ತಿರ. ಕೈಟಭೇಶ್ವರ ದೇವಾಲಯ ನೋಡಿಕೊಂಡು ತೋಟದ ದಾರಿಯಲ್ಲಿ ನಡೆಯುವಾಗ ಒಂದು ಬಗನಿ ಮರ ಸಿಕ್ಕಿತು. ಮೀನಿನ ಬಾಲದಂಥ ಎಲೆಗಳು, ಜಡೆ ಬಿಟ್ಟಂತೆ ಇಳಿಬಿದ್ದ ಗೊನೆ. ಬಗನಿಯ ಮೊದಲ ಗೊನೆ ಮೂಡುವುದು ನೆತ್ತಿಯಲ್ಲಿ, ಮುಂದಿನವು ಒಂದೊಂದಾಗಿ ಕೆಳಕೆಳಗೆ. ಎಲ್ಲಕ್ಕಿಂತ ಕೆಳಗಿನದು ಮುಗಿದರೆ ಮರದ ಆಯುಷ್ಯವೂ ಮುಗಿಯಿತು. ಗೊನೆಯ ತುದಿ ಕೊಯ್ದು, ಮಡಕೆ ಕಟ್ಟಿ, ದಿನವೂ ಮರ ಹತ್ತಿ ಹೆಂಡ ಇಳಿಸುತ್ತಿದ್ದವರು ಈ ಸೀಮೆಯ ದೀವರು. ಹಳೆಪೈಕರೆಂದೂ ಅವರನ್ನು ಕರೆಯುತ್ತಿದ್ದರು.

ಮರದ ಬುಡದಲ್ಲಿ ದನ ಮೇಯಿಸುತ್ತಿದ್ದ ಹಿರಿಯರನ್ನು ಮಾತಿಗೆಳೆದೆ. "ಬೆಳಿಗ್ಗೆ ಇಳಿಸಿದ್ದು ಸಿಹಿ, ಸಂಜಿಗೆ ಹುಳಿ. ಕೂಡಿಟ್ಟು ಮಾರಾಕೆ ಬರ್ತಿರಲಿಲ್ಲ ಮಾರಾಯ್ರೆ," ಎಂದರು. "ಯಾರಿಗೆ ಎಷ್ಟು ಅಂತ ನಮ್ಮಪ್ಪಗೆ ಗೊತ್ತಿತ್ತು. ಯಾರದ್ದಾದ್ರೂ ಹೆಂಡ್ತಿ ಬಂದು ಅತ್ತರೆ ಮಾರನೇ ದಿನ ಅವನಿಗೆ ಇಲ್ಲ."

ಆ ಕಾಲದಲ್ಲೂ ಕುಡಿತಕ್ಕೆ ಮನೆಗಳು ಹಾಳಾಗಿದ್ದವು, ನಿಜ. ಆದರೆ ಮಾರುವವನನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳುವ ಹಕ್ಕು ಊರಿಗಿತ್ತು. ಸಾರಾಯಿ ಬಂದು ಅದನ್ನು ಕಿತ್ತುಕೊಂಡಿತು. ಅಬಕಾರಿ ಹರಾಜಿನಲ್ಲಿ ಕೂಗಿ ಹಿಡಿದ ಕಂಟ್ರಾಕ್ಟರು ದೂರದ ಪಟ್ಟಣದಲ್ಲಿ, ಊರಲ್ಲಿ ಅವನ ಕೂಲಿಯಾಳು. ಹರಾಜಿನ ಹಣ ಹುಟ್ಟಬೇಕಾದರೆ ಹೆಚ್ಚು ಹೆಚ್ಚು ಕುಡಿಸಲೇಬೇಕು. ಪ್ಲಾಸ್ಟಿಕ್ ಪ್ಯಾಕೆಟ್ ಬಂದ ಮೇಲೆ ಸಾರಾಯಿ ಹಳ್ಳಿಹಳ್ಳಿಯ ಮೂಲೆಗೂ ತಲುಪಿತು.

ಶಿಕಾರಿಪುರ, ಸೊರಬ ತಾಲ್ಲೂಕುಗಳು ರಾಜ್ಯಕ್ಕೆ ಕೊಟ್ಟ ಇಬ್ಬರು ಮುಖ್ಯಮಂತ್ರಿಗಳ ಹೆಸರು ಇಲ್ಲಿ ಬರಲೇಬೇಕು. ಕುಬಟೂರಿನ ದೀವರ ಮನೆಯಲ್ಲಿ ಹುಟ್ಟಿದ ಎಸ್. ಬಂಗಾರಪ್ಪ 1967ರಲ್ಲಿ ಸೊರಬದಿಂದ ವಿಧಾನಸಭೆಗೆ ಹೋದರು, 1990ರಲ್ಲಿ ಮುಖ್ಯಮಂತ್ರಿಯಾದರು. ಮರ ಹತ್ತುವವರೆಂದು ಹೀಗಳೆಸಿಕೊಂಡ ಸಮುದಾಯ ತಲೆಯೆತ್ತಿ ನಿಂತ ಗಳಿಗೆಯದು. ಮುಂದೆ ಮುಖ್ಯಮಂತ್ರಿಯಾದ ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಹಣಕಾಸು ಖಾತೆಯ ಉಪಮುಖ್ಯಮಂತ್ರಿಯಾಗಿದ್ದಾಗ, ಎಚ್.ಡಿ. ಕುಮಾರಸ್ವಾಮಿ ಅವರ ಸರ್ಕಾರ 2007ರ ಜುಲೈ 1ರಿಂದ ಸಾರಾಯಿ ನಿಷೇಧಿಸಿತು.

ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಅಗ್ಗದ ವಿಸ್ಕಿ, ಬ್ರಾಂದಿ ಅದರ ಜಾಗಕ್ಕೆ ಬಂದವು. ಸರ್ಕಾರದ್ದೇ ಆದ ಎಂಎಸ್‌ಐಎಲ್ ಮಳಿಗೆಗಳೂ ಸಾಲು ಸೇರಿದವು. ಸನ್ನದು ಶುಲ್ಕದ ಜೊತೆಗೆ ಪ್ರತಿ ಬಾಟಲಿಯ ಅಬಕಾರಿ ಸುಂಕವೂ ಖಜಾನೆಗೇ ಸೇರುವಾಗ, ಇಂದು ಅಂಗಡಿಯ ದೊಡ್ಡ ಪಾಲುದಾರ ಸರ್ಕಾರವೇ.

ಸಂಜೆ ದಂಡಾವತಿ ದಾಟಿ ಸೊರಬ ತಲುಪಿದಾಗ ಬಸ್ಸಿಗೆ ಕಾಯುತ್ತಿದ್ದ ಹೆಣ್ಣುಮಕ್ಕಳ ಜೊತೆ ಮಾತಾಡಿದೆ. ಗೂಡಂಗಡಿಯಲ್ಲೂ ಟೆಟ್ರಾ ಪ್ಯಾಕ್ ಸಿಗುವುದೇ ಅವರ ದೊಡ್ಡ ಸಂಕಟ. "ಯಾರನ್ನ ಕೇಳಾಣ ಅಣ್ಣಾ?" ಎಂದರು ಒಬ್ಬರು. ಹೆಂಡ, ಸಾರಾಯಿ, ಬ್ರಾಂದಿ, ಈ ಮೂರೂ ಕಾಲದ ಯಜಮಾನರನ್ನು ಅರಿತು ಬಂದ ನನಗೆ ಆ ಪ್ರಶ್ನೆಯಷ್ಟು ಮುಖ್ಯವಾದದ್ದು ಬೇರೆ ಕಾಣಲಿಲ್ಲ. ತಮ್ಮೂರಿನಲ್ಲಿ ಅಂಗಡಿ ಇರಬೇಕೇ ಬೇಡವೇ ಎಂಬುದನ್ನು ಗ್ರಾಮಸಭೆಯಲ್ಲಿ ಕೂತ ಈ ಹೆಣ್ಣುಮಕ್ಕಳೇ ತೀರ್ಮಾನಿಸಬೇಕು, ಆ ತೀರ್ಮಾನಕ್ಕೆ ಅಬಕಾರಿ ಇಲಾಖೆ ತಲೆಬಾಗಬೇಕು.