ಅಗ್ರಿಕಲ್ಚರಲ್ ಬಲಗೈ

ಗಾಲ್ಫ್‌ನಲ್ಲಿ ಡ್ರೈವರ್ ಅಂದ್ರೆ ಕಾರು ಓಡಿಸೋನಲ್ಲ, ಚೀಲದಲ್ಲಿರೋ ಅತಿ ಉದ್ದದ ಕೋಲು. ಅದರಲ್ಲಿ ಹೊಡೆದರೆ ನನ್ನ ಚೆಂಡು ಸ್ವಲ್ಪ ದೂರ ನೆಟ್ಟಗೆ ಹೋಗಿ, ಆಮೇಲೆ ಮನೆಗೆ ಬೀಗ ಹಾಕಿದ್ದೀನೋ ಇಲ್ಲವೋ ಅಂತ ನೆನಪಾದವರ ಹಾಗೆ ಎಡಕ್ಕೆ ತಿರುಗಿಬಿಡೋದು. ಇದಕ್ಕೆ ಹುಕ್ ಅಂತಾರೆ. ಬೆಂಗಳೂರಿನ ಒಂದು ರೇಂಜ್‌ನಲ್ಲಿ ಕೋಚ್ ನಾಲ್ಕು ಹೊಡೆತ ನೋಡಿ, "ನಿಮ್ಮ ರೈಟ್ ಹ್ಯಾಂಡ್ ತುಂಬಾ ಅಗ್ರಿಕಲ್ಚರಲ್" ಅಂದ್ರು. ಕ್ರಿಕೆಟ್ ಕಾಮೆಂಟರಿಯಲ್ಲಿ ಒರಟು ಹೊಡೆತಕ್ಕೆ ಹೇಳೋ ಮಾತದು. ಪಕ್ಕದಲ್ಲಿದ್ದವರು ನಕ್ಕರು. ಗುಂಡ್ಲುಪೇಟೆ ಹತ್ತಿರ ಎರಡೂವರೆ ಎಕರೆಯಲ್ಲಿ ಅರಿಶಿನ, ಸಣ್ಣ ಈರುಳ್ಳಿ, ರಾಗಿ ಬೆಳೆಯೋರ ಮನೆಯ ಕೈ ಅಗ್ರಿಕಲ್ಚರಲ್ ಅಲ್ಲದೆ ಇನ್ನೇನಾಗಿರುತ್ತೆ? ಬೈಗುಳ ಅಂದ್ಕೊಳ್ಳದೆ ಬಗ್ ರಿಪೋರ್ಟ್ ಅಂತ ತಗೊಂಡೆ.

ವಿಷಯ ಇಷ್ಟು. ಕೋಲಿನ ಮುಖ ಎತ್ತ ನೋಡುತ್ತೋ ಚೆಂಡು ಹೆಚ್ಚುಕಮ್ಮಿ ಅತ್ತಲೇ ಹೊರಡುತ್ತೆ. ಕೋಲು ಬೀಸಿ ಬರೋ ದಾರಿಗಿಂತ ಆ ಮುಖ ಎಡಕ್ಕೆ ಮುಚ್ಚಿಕೊಂಡಿದ್ದರೆ ಚೆಂಡು ವಾಲಿಕೊಂಡು ಸುತ್ತಿ, ಗಾಳಿಯಲ್ಲಿ ಎಡಕ್ಕೆ ಬಾಗುತ್ತೆ. (ಎಡಚರು ತಿರುಗಿಸಿ ಓದಿಕೊಳ್ಳಿ.) ಏಳನೇ ನಂಬರ್ ಐರನ್‌ನಲ್ಲಿ ಅಷ್ಟಾಗಿ ಕಾಣದ ಕಾಯಿಲೆ ಡ್ರೈವರ್‌ನಲ್ಲಿ ಯಾಕೆ? ಐರನ್ನಿನ ಮುಖ 30 ಡಿಗ್ರಿ ಆಸುಪಾಸು ಹಿಂದಕ್ಕೆ ಮಲಗಿರುತ್ತೆ, ಬ್ಯಾಕ್‌ಸ್ಪಿನ್ ಜಾಸ್ತಿ, ಪಕ್ಕದ ಎಳೆತ ಅದರಲ್ಲಿ ಮುಚ್ಚಿಹೋಗುತ್ತೆ. ಡ್ರೈವರ್‌ನದು ಸುಮಾರು 10 ಡಿಗ್ರಿ. 45.93 ಗ್ರಾಂ ಮೀರದ ಚೆಂಡು ಪಾಪ, ಏನನ್ನೂ ಬಚ್ಚಿಡೋಕಾಗಲ್ಲ.

ಚಾಮರಾಜನಗರದಲ್ಲಿರೋ ನಮ್ಮ ಬಾವ ಟೆನಿಸ್ ಬಾಲ್ ಟೂರ್ನಿಗಳ ಹೀರೋ. "ಬಲಕ್ಕೆ ತಿರಿಕಂಡು ನಿಂತ್ಕಂಡು ಒಡಿ ಬಾವ, ತಾನೇ ಮಧ್ಯಕ್ಕೆ ಬತ್ತದ" ಅಂತ ಅವನ ಸಲಹೆ. ಕೇಳೋಕೆ ಚೆಂದ. ಆದರೆ ಕೋಡ್ ಮುಟ್ಟದೆ ಔಟ್‌ಪುಟ್‌ಗೆ ಮೈನಸ್ ಹಾಕಿದ ಹಾಗೆ. ಬಲಕ್ಕೆ ನಿಂತರೆ ಬೀಸೋ ದಾರಿಯೂ ಬಲಕ್ಕೆ ಹೋಗುತ್ತೆ, ಕೈ ಮಾತ್ರ ಮುಖವನ್ನ ಗುರಿ ಕಡೆಗೇ ತಿರುಗಿಸುತ್ತೆ. ನಡುವಿನ ಕೋನ ಹಿಗ್ಗಿ ಹುಕ್ ಇನ್ನೂ ಜೋರಾಗುತ್ತೆ.

ಅಮೆರಿಕದ ಬೆನ್ ಹೋಗನ್ ಇದೇ ಹುಕ್ ಜತೆ ವರ್ಷಗಟ್ಟಲೆ ಗುದ್ದಾಡಿದವರು. ಕಮ್ಮಾರನ ಮಗ, ಹುಡುಗನಾಗಿದ್ದಾಗ ಬೇರೆಯವರ ಗಾಲ್ಫ್ ಚೀಲ ಹೊತ್ತವರು. 1955ರಲ್ಲಿ ಲೈಫ್ ಪತ್ರಿಕೆಯಲ್ಲಿ ಗುಟ್ಟು ಬಿಟ್ಟುಕೊಟ್ಟರು: ಎಡಗೈ ಹಿಡಿತವನ್ನ ಒಂಚೂರು ಎಡಕ್ಕೆ ತಿರುಗಿಸೋದು, ಕೋಲು ಮೇಲೆ ಹೋದಾಗ ಎಡ ಮಣಿಕಟ್ಟನ್ನ ಹಿಂದಕ್ಕೆ ಬಾಗಿಸೋದು. ನನಗೆ ಹಿಡಿಸಿದ್ದು ಏನಂದ್ರೆ, ಇದರಲ್ಲಿ ಬಲಗೈಯ ಬಲ ಕಮ್ಮಿ ಮಾಡೋ ಮಾತೇ ಇಲ್ಲ.

ಅತ್ತ ಮೈಸೂರಲ್ಲಿ ಗಾಲ್ಫ್ ಇದೆ, ಇತ್ತ ಊಟಿಯಲ್ಲೂ ಇದೆ. ನಡುವೆ ನಮ್ಮೂರಲ್ಲಿ ಈರುಳ್ಳಿ ಕಿತ್ತು ಖಾಲಿಬಿದ್ದ ಹೊಲ. ವೀಕೆಂಡ್ ಅಲ್ಲೇ ಚೆಂಡಿಲ್ಲದೆ ಬೀಸ್ತಿದ್ದೆ. ಬದುವಿನ ಮೇಲೆ ಕೂತು ನೋಡ್ತಿದ್ದ ಅಪ್ಪ, "ಕುಡ್ಲು ಇಡ್ದಂಗಾಯ್ತಲ್ಲ ಕನಪ್ಪ. ಅಂಗಿಡುದ್ರೆ ಒಳಿಕ್ಕೇ ಎಳಿತದ" ಅಂದ್ರು. ದುಡ್ಡು ಕೊಟ್ಟು ಕಲಿತಿದ್ದೂ ಇದೇ! ಬಲ ಅಂಗೈ ಕೋಲಿನ ಅಡಿಗೆ ಹೋಗಿ ಕೂತಿತ್ತು. ಪೈರನ್ನ ತನ್ನ ಕಡೆ ಎಳೆದು ಕೊಯ್ಯೋಕೆ ಮಣಿಕಟ್ಟು ಒಳಕ್ಕೆ ತಿರುಗಲೇಬೇಕು, ಹತ್ತನೇ ವಯಸ್ಸಿಂದ ತಿರುಗಿದೆ. ಡ್ರೈವರ್ ಮುಖ ಮುಚ್ಚುತ್ತಿದ್ದದ್ದೂ ಅದೇ ತಿರುವು. ಅಂಗೈಯನ್ನ ಪಕ್ಕಕ್ಕೆ ತಂದೆ. ಬಗ್ಗಿ ನೋಡಿದಾಗ ಎಡಗೈಯಲ್ಲಿ ಮೂರು ಬೆರಳಿನ ಗೆಣ್ಣು ಕಾಣ್ತಿದ್ದದ್ದು ಎರಡಕ್ಕಿಳೀತು. ಅಪ್ಪ ಕೋಲು ಇಸ್ಕೊಂಡು ಗುದ್ದಲಿ ಹಿಡಿದ ಹಾಗೆ ಹಿಡಿದು ಒಂದು ಹೆಂಟೆಗೆ ಬೀಸಿದ್ರು. ನೆಟ್ಟಗೆ ಹಾರ್ತು. ಆಮೇಲೆ ಕೋಲಿನ ಬೆಲೆ ಕೇಳಿದ್ರು. ಅಷ್ಟರಲ್ಲಿ ಅಮ್ಮ ಕಾಫಿಗೆ ಕರೆದದ್ದು ನನ್ನ ಪುಣ್ಯ.

ಹೊಸ ಹಿಡಿತ ಮೊದಲ ಎರಡು ವಾರ ಬೇರೆ ಯಾರದೋ ಕೈ ಜೋಡಿಸಿದ ಹಾಗಿತ್ತು, ಚೆಂಡೆಲ್ಲ ಬಲಕ್ಕೆ. ಅದು ಒಳ್ಳೇ ಲಕ್ಷಣವೇ. ಬೇರೇನೂ ಬದಲಿಸದೆ ಅರ್ಧ ಸ್ವಿಂಗ್, ಆಮೇಲೆ ಮುಕ್ಕಾಲು. ಮೂರನೇ ತಿಂಗಳಿಗೆ ಹತ್ತರಲ್ಲಿ ಆರೇಳು ಚೆಂಡು ಫೇರ್‌ವೇಲಿ ಬೀಳೋಕೆ ಶುರುವಾಯ್ತು, ಜೋರು ಹಾಗೇ ಇದೆ. ರಾಗಿ ಕುಯ್ಲಿಗೆ ಅಂತ ಊರಿಗೆ ಹೋಗಿ ಎರಡು ದಿನ ಕುಡ್ಲು ಹಿಡಿದು ಬಂದರೆ ಮಾತ್ರ ಮತ್ತೆ ಎಲ್ಲಾ ಎಡಕ್ಕೇ. ಆ ವಾರ ರೇಂಜ್ ಕಡೆ ತಲೆ ಹಾಕಲ್ಲ.