ಎದ್ದು ಹೋಗಲಾಗದ ಚರ್ಚೆ

ದೋಣಿಯಲ್ಲಿ ಕೂತು ವಾದ ಮಾಡುವುದರಲ್ಲಿ ಒಂದು ದೊಡ್ಡ ತೊಡಕಿದೆ. ಸಿಟ್ಟು ಬಂದರೆ ಎದ್ದು ಹೋಗುವ ಹಾಗಿಲ್ಲ. ಅರಳಿಕಟ್ಟೆಯ ಮೇಲಾದರೆ ಪಂಚೆ ಕೊಡವಿಕೊಂಡು ಹೊರಟುಬಿಡಬಹುದು. ವಾಟ್ಸಾಪ್ ಗುಂಪಿನಲ್ಲಾದರೆ ಬೆರಳು ಒತ್ತಿ 'ಲೆಫ್ಟ್' ಆಗಬಹುದು. ದೋಣಿಯಲ್ಲಿ ಎದ್ದು ನಿಂತಿರೋ, ನಿಮ್ಮ ಪರ ಇದ್ದವರೂ ವಿರೋಧ ಇದ್ದವರೂ ಸೇರಿ ಒಂದೇ ದನಿಯಲ್ಲಿ "ಕೂಕಣಿ ಮಾರಾಯ್ರೆ!" ಎಂದು ಕೂಗುತ್ತಾರೆ. ಇಷ್ಟು ಬೇಗ ಒಮ್ಮತಕ್ಕೆ ಬರುವ ಸಭೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಸಭೆ ಸೇರುವುದು ಕುಂದಾಪುರದ ಪಂಚಗಂಗಾವಳಿಯ ನೀರಿನ ಮೇಲೆ. ಸೌಪರ್ಣಿಕೆ, ವಾರಾಹಿ ಮೊದಲಾದ ಐದು ಹೊಳೆಗಳು ಕೂಡಿ, ಗಂಗೊಳ್ಳಿ ಮತ್ತು ಕೋಡಿಯ ನಡುವಿನ ಅಳಿವೆಯಲ್ಲಿ ಕಡಲಿಗೆ ಸೇರುವ ಜಾಗ ಅದು. ಈಚೆ ದಡದಲ್ಲಿ ನಿಂತರೆ ಗಂಗೊಳ್ಳಿ ಎದುರಿಗೇ ಕಾಣುತ್ತದೆ. ಬಸ್ಸಿನಲ್ಲಿ ಹೋಗುವುದಾದರೆ ಮಾತ್ರ ಹೆಮ್ಮಾಡಿ ಸುತ್ತಿ ಅರ್ಧ ತಾಲೂಕು ನೋಡಿಕೊಂಡು ಹೋಗಬೇಕು. ನಡುವೆ ತೆಂಗು ತುಂಬಿದ ಕುದ್ರುಗಳು, ಅಂದರೆ ನಡುಗಡ್ಡೆಗಳು, ಅವುಗಳ ಅಂಚಿಗೆ ಕಾಂಡ್ಲಾ ಗಿಡಗಳು. ಭಾನುವಾರ ಎನ್ನುವುದು ಮಾತ್ರ ನಮ್ಮ ತೀರ್ಮಾನ, ಎಷ್ಟು ಹೊತ್ತಿಗೆ ಎನ್ನುವುದು ಉಬ್ಬರದ್ದು. ಅದು ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗೂ ಮಿಕ್ಕಿ ತಡವಾಗಿ ಬರುವುದರಿಂದ, ಒಂದು ವಾರ ಕಾಫಿ ಕುಡಿದು ಹೊರಟರೆ ಇನ್ನೊಂದು ವಾರ ಉಂಡ ಕೈ ಒಣಗುವ ಮೊದಲೇ ಹೊರಡಬೇಕಾಗುತ್ತದೆ.

ಸಭಾಸದರು ಐವರು. ಇಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರರು, ಒಬ್ಬರು ಸಿಂಡಿಕೇಟಿನವರು, ಇನ್ನೊಬ್ಬರು ವಿಜಯಾದವರು. 2019ರಲ್ಲಿ ವಿಜಯಾ ಬ್ಯಾಂಕು ಬರೋಡಾದೊಳಗೆ, ಮರುವರ್ಷ ಸಿಂಡಿಕೇಟು ಕೆನರಾದೊಳಗೆ ಕರಗಿ ಹೋದದ್ದರಿಂದ ಇಬ್ಬರಿಗೂ ಈಗ ತವರಿಲ್ಲ. ಯಾರ ನಷ್ಟ ದೊಡ್ಡದು ಎಂಬ ವಿಷಯದಲ್ಲಿ ಒಮ್ಮತ ಆಗುವ ಲಕ್ಷಣವೂ ಇಲ್ಲ. ಮೂರನೆಯವರು ಮುಂಬಯಿಯಲ್ಲಿ ಹೋಟೆಲು ನಡೆಸಿ, ಮಗನಿಗೆ ಗಲ್ಲಾಪೆಟ್ಟಿಗೆ ಒಪ್ಪಿಸಿ ಊರಿಗೆ ಬಂದವರು. ನಾಲ್ಕನೆಯವಳು ನಾನು, ಪ್ರಾಥಮಿಕ ಶಾಲೆಯ ಟೀಚರಾಗಿದ್ದವಳು. ಐದನೆಯವನು ದೋಣಿಯ ಯಜಮಾನ, ನನ್ನ ಹಳೆಯ ವಿದ್ಯಾರ್ಥಿ. ಹುಟ್ಟು ಅವನ ಕೈಯಲ್ಲೇ ಇರುತ್ತದೆ, ಆದ್ದರಿಂದ ಮಾತು ಕಡಿಮೆ. ಅಥವಾ ಮಾತು ಕಡಿಮೆಯಾದ್ದರಿಂದ ಹುಟ್ಟು ಅವನ ಕೈಗೆ ಬಂದಿರಬಹುದು.

ದೋಣಿ ಅವನ ಅಪ್ಪನ ಕಾಲದ್ದು. ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿದದ್ದು, ಮೊಳೆ ಹೊಡೆದದ್ದಲ್ಲ. ಮಳೆಗಾಲದ ಮೊದಲು ಅದನ್ನು ದಡಕ್ಕೆಳೆದು ಕವುಚಿ ಹಾಕಿ, ಹೊಲಿಗೆಯ ಸಾಲನ್ನು ಬೆರಳಿನಿಂದ ತಡವುತ್ತಾ ಹೋಗುತ್ತಾನೆ. ಎಲ್ಲಿ ಹುರಿ ಸಡಿಲವೋ ಅಲ್ಲಿ ಬೆರಳು ನಿಲ್ಲುತ್ತದೆ. ಬಿಗಿದು, ಸಂದಿಗೆ ನಾರು ತುಂಬಿ, ಮೇಲಿಂದ ಗೇರೆಣ್ಣೆ ಬಳಿಯುತ್ತಾನೆ. ಗೇರುಬೀಜದ ಸಿಪ್ಪೆಯಿಂದ ತೆಗೆದ ಆ ಕಪ್ಪೆಣ್ಣೆ ಮರಕ್ಕೆ ಹುಳ ಬರದ ಹಾಗೆ ಕಾಯುತ್ತದೆ, ಬಳಿದವನ ಚರ್ಮವನ್ನು ಮಾತ್ರ ಸುಡುತ್ತದೆ. ಒಂದು ಸಲ ವಿಜಯಾದವರು ಹುರುಪಿನಲ್ಲಿ ತಾವೂ ಕೈಹಾಕಿ, ಆಮೇಲೆ ಮೊಣಕೈವರೆಗೆ ಬೊಕ್ಕೆ ಎಬ್ಬಿಸಿಕೊಂಡು ವಾರಗಟ್ಟಲೆ ಕೊಬ್ಬರಿ ಎಣ್ಣೆ ಹಚ್ಚಿದರು. ಆಗಿನಿಂದ ಅವರು ಫೈಬರ್ ದೋಣಿಯ ಪಕ್ಷ.

ನಮ್ಮ ಮಾತಿಗೆ ಒಂದು ದಾರಿಯುಂಟು. ದಡ ಬಿಡುವಾಗ ದೇಶ. ಮೊದಲ ಕುದ್ರು ದಾಟುವಾಗ ರಾಜ್ಯ. ನೀರು ಅಗಲವಾಗಿ, ಪಡುಗಾಳಿ ಮುಖಕ್ಕೆ ಬಡಿಯತೊಡಗಿದಾಗ ಯಾರಾದರೂ ಒಬ್ಬರು "ಅದೆಲ್ಲ ಇರಲಿ, ಆಗ ಇಲ್ಲಿ ಎಂಥಾ ಮೀನು ಸಿಗುತ್ತಿತ್ತು ಗೊತ್ತುಂಟಾ?" ಎನ್ನುತ್ತಾರೆ. ಎಲ್ಲರ ಮುಖದ ಗಂಟು ಸಡಿಲವಾಗುತ್ತದೆ. ಮೀನಿನ ನೆನಪೆಂದರೆ ಚರ್ಚೆಗೆ ಸಿಕ್ಕ ರಜೆ ಎಂದು ಗಂಡಸರು ಮೂವರೂ ನಂಬಿದ್ದಾರೆ. ನನಗೆ ಆ ನಂಬಿಕೆ ಇಲ್ಲ.

'ಶಕ್ತಿ' ಯೋಜನೆಯ ದಿನದ್ದನ್ನೇ ಹೇಳುತ್ತೇನೆ. 2023ರ ಜೂನಿನಲ್ಲಿ ಹೆಂಗಸರಿಗೆ ಸರಕಾರಿ ಬಸ್ಸು ಉಚಿತವಾದದ್ದೇ ತಡ, ನಮ್ಮ ದೋಣಿಗೆ ತಿಂಗಳುಗಟ್ಟಲೆ ಬೇರೆ ಸರಕು ಬೇಕಾಗಲಿಲ್ಲ. ಬಿಟ್ಟಿ ಕೊಟ್ಟರೆ ಜನ ಹಾಳಾಗುತ್ತಾರೆ ಎಂದರು ಸಿಂಡಿಕೇಟಿನವರು. ಬಿಟ್ಟಿಯಲ್ಲ, ಹೆಂಗಸಿನ ಕೈಯಲ್ಲಿ ಉಳಿದ ದುಡ್ಡು ಪೇಟೆಗೇ ಬರುತ್ತದೆ ಎಂದರು ವಿಜಯಾದವರು. ಉಡುಪಿ ಜಿಲ್ಲೆಯಲ್ಲಿ ಓಡುವ ಬಸ್ಸುಗಳೇ ಹೆಚ್ಚಾಗಿ ಖಾಸಗಿಯವು, ನಾವು ಎಲ್ಲಿ ಹತ್ತುವುದು, ಯಾವುದನ್ನು ಹತ್ತುವುದು ಎಂದು ನಾನು. ಹೋಟೆಲಿನವರು ತಮ್ಮ ಹೆಂಡತಿ ಧರ್ಮಸ್ಥಳಕ್ಕೆ ಎಷ್ಟು ಸಲ ಹೋದಳೆಂಬ ಪಟ್ಟಿ ತೆಗೆದರು. ಆಗ ಹುಟ್ಟು ಹಾಕುತ್ತಿದ್ದವನು ಬಾಯಿಬಿಟ್ಟ.

"ನಮ್ಮಬ್ಬಿಗೆ ದುಡ್ಡ್ ಕೊಟ್ರೂ ಬಸ್ಸಿಗೆ ಹತ್ತ್ಸ್ಕಂತಿರ್ಲಿಲ್ಲ."

ಅವನ ತಾಯಿಯನ್ನು ನಾನು ಕಂಡಿದ್ದೇನೆ. ಬೆಳಿಗ್ಗೆ ದಕ್ಕೆಯಲ್ಲಿ ಮೀನು ಹಿಡಿದುಕೊಂಡು, ಬೆತ್ತದ ಹೆಡಿಗೆಯ ತಳಕ್ಕೆ ಅಡಿಕೆ ಹಾಳೆ ಹಾಸಿ, ಅದರ ಮೇಲೆ ಮೀನು, ಮೀನಿನ ಮೇಲೆ ಮತ್ತೆ ಹಾಳೆ ಮುಚ್ಚಿ ತಲೆಯ ಮೇಲಿಡುತ್ತಿದ್ದಳು. ಹಾಳೆ ಹಾಸುವುದು ನೀರು ಸೋರಬಾರದೆಂದು. ಎಷ್ಟು ಹಾಸಿದರೂ ಒಂದೆರಡು ಹನಿ ಕಿವಿಯ ಹಿಂದಿನಿಂದ ಇಳಿದು ರವಕೆಯ ಬೆನ್ನಿನ ಮೇಲೆ ಗೆರೆ ಎಳೆಯುತ್ತಿತ್ತು. ಕಂಡಕ್ಟರು ಆ ಗೆರೆಯನ್ನು ನೋಡಿಯೇ ಸೀಟಿ ಊದಿಬಿಡುತ್ತಿದ್ದ. ಒಳನಾಡಿನ ಮನೆಗಳವರೆಗೆ ನಡೆದುಹೋಗಿ, ಮೀನು ಕೊಟ್ಟು, ಎಷ್ಟೋ ಸಲ ದುಡ್ಡಿಗೆ ಬದಲು ಭತ್ತ ಹೊತ್ತುಕೊಂಡು ಬರುವುದು. ಹೋಗುವಾಗ ಒದ್ದೆ ಭಾರ, ಬರುವಾಗ ಒಣ ಭಾರ.

"ವಾಸನೆ ಬರುತ್ತದಲ್ಲ ಮಾರಾಯ, ಕೂತವರಿಗೆ ತೊಂದರೆ ಆಗುವುದಿಲ್ಲವಾ?" ಎಂದರು ವಿಜಯಾದವರು.

"ಆತ್ತಲೆ. ಅದೇ ಮೀನ್ ನಿಮ್ಮನಿ ಒಲಿ ಮೇಲ್ ಕೂಕಂಡ್ ಮೇಲೆ ಮಾತ್ರ ಪರಿಮಳ, ಅಲ್ದಾ?"

ಒಲೆಯ ಮೇಲಿನ ಬೂತಾಯಿ ಗಸಿಯ ನೆನಪಾಗಿ ವಿಜಯಾದವರೇ ಮೊದಲು ನಕ್ಕರು. ಚರ್ಚೆ ಮುಗಿಯಿತೆಂದು ಹೋಟೆಲಿನವರು ತಿಳಿದರು. ಅಲ್ಲಿಯವರೆಗೆ ನಾವು ಆಡಿದ ಯಾವ ಮಾತೂ ವಿಷಯದ ಹತ್ತಿರಕ್ಕೆ ಹೋಗಿರಲಿಲ್ಲ ಎಂದು ನನಗೆ ಕಂಡಿತು.

ರಂಪಣಿ ಬಲೆಯ ಮಾತು ಬಂದಾಗಲಂತೂ ಇದು ಇನ್ನೂ ಸ್ಪಷ್ಟ. ನೆನಪುಗಳಲ್ಲೆಲ್ಲ ದೊಡ್ಡ ನೆನಪು ಅದು. ನಮ್ಮ ವಯಸ್ಸಿನ ಕರಾವಳಿಯವರ ಎದುರು ಆ ಹೆಸರೆತ್ತಿದರೆ ಸಾಕು, ಕಣ್ಣು ಪಡುವಣಕ್ಕೆ ಹೊರಳುತ್ತದೆ. ಮಳೆ ಬಿಟ್ಟ ಮೇಲಿನ ತಿಂಗಳುಗಳಲ್ಲಿ ಬಂಗುಡೆಯ ಹಿಂಡು ದಡದ ಹತ್ತಿರ ಬರುತ್ತಿತ್ತು. ನೀರಿನ ಬಣ್ಣ ಕಂದಿದ್ದನ್ನೂ ಹಕ್ಕಿಗಳು ಎರಗುವುದನ್ನೂ ನೋಡಿ ಗುರುತು ಹಿಡಿಯುವವರು ಇರುತ್ತಿದ್ದರು. ದೋಣಿ ಬಲೆಯನ್ನು ಬಿಡುತ್ತಾ ಹಿಂಡನ್ನು ಅರ್ಧ ಸುತ್ತು ಹಾಕಿ ಬರುವುದು, ಎರಡು ತುದಿಯ ಹಗ್ಗ ದಡಕ್ಕೆ, ಹಗ್ಗ ಹಿಡಿದು ಇಡೀ ಕೇರಿ. ಎಳೆತ ಗಂಟೆಗಟ್ಟಲೆ ನಡೆಯುತ್ತಿತ್ತು.

"ಬಂದವರಿಗೆಲ್ಲ ಮೀನು! ಕೇಳಿದವರಿಗೆಲ್ಲ ಮೀನು! ಆಗ ಬಡವ ಬಲ್ಲಿದ ಅಂತ ಇರಲಿಲ್ಲ ಟೀಚರೇ" ಎಂದರು ಹೋಟೆಲಿನವರು. ಅವರ ಅಜ್ಜನ ತೆಂಗಿನ ತೋಟ ಕಡಲ ದಂಡೆಗೇ ತಾಗಿಕೊಂಡಿತ್ತು. ತೋಟದ ನೆರಳಿನಲ್ಲಿ ಬಲೆ ಹರಡುತ್ತಿದ್ದರು, ದೋಣಿ ಕಟ್ಟುತ್ತಿದ್ದರು. ಬಲೆ ಎಳೆದ ದಿನ ಒಂದು ಕುಕ್ಕೆ ಬಂಗುಡೆ ತಾನಾಗಿ ಅವರ ಹಿತ್ತಲಿಗೆ ಬರುತ್ತಿತ್ತು. ಹುಡುಗನಿಗೆ ಅದು ಕಡಲು ಕೊಟ್ಟ ಹಾಗೆಯೇ ಕಂಡಿರಬೇಕು.

ನಮ್ಮ ಯಜಮಾನನಿಗೆ ನೆನಪಿರುವುದು ಪಾಲು. ಬಲೆಗೊಂದು ಪಾಲು, ದೋಣಿಗೊಂದು ಪಾಲು, ದೋಣಿಯಲ್ಲಿ ಹೋದವರಿಗೆ ಇಷ್ಟು, ಹಗ್ಗ ಎಳೆದವರಿಗೆ ಇಷ್ಟು. ಹುಡುಗರಿಗೆ ಕೊನೆಗೆ ಎರಡು ಕೈ ತುಂಬುವಷ್ಟು. ಅವನು ಅದನ್ನು ಪಾಟಿಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದ. ಆ ಚೀಲ ಮಾರನೆಯ ದಿನ ನನ್ನ ತರಗತಿಗೆ ಬರುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಹೊಸತು. ಬಂಗುಡೆ ಬಿದ್ದ ದಿನ ಹಿಂದಿನ ಎರಡು ಬೆಂಚು ಖಾಲಿ. ಹಾಜರಿ ಪುಸ್ತಕ ನೋಡಿದರೆ ಕಡಲಲ್ಲಿ ಯಾವತ್ತು ಮೀನಿತ್ತು ಎಂದು ಹೇಳಬಹುದಿತ್ತು.

"ಟೀಚರ್ ಆಬ್ಸೆಂಟ್ ಹಾಕ್ತಿದ್ರ್, ಅಪ್ಪ ಹೋಯ್ದಿರೆ ಹೊಡಿತಿದ್ದ" ಎಂದ. ಹೋಟೆಲಿನವರ ಕುಕ್ಕೆಯೂ ಇವನ ಪಾಟಿಚೀಲವೂ ಒಂದೇ ಬಲೆಯಿಂದ ತುಂಬಿದವು. ಅದನ್ನು ಇವರು ಸಮಾನತೆ ಎಂದು ನೆನೆಯುತ್ತಾರೆ, ಅವನು ಲೆಕ್ಕ ಎಂದು ನೆನೆಯುತ್ತಾನೆ. ಭೂಮಿ, ಜಾತಿ, ಮೀಸಲಾತಿ ಎಂದು ನಾವು ದಡ ಬಿಡುವಾಗ ಕಿತ್ತಾಡಿದ್ದೆಲ್ಲ ಈ ಎರಡು ನೆನಪುಗಳ ನಡುವೆ ಸದ್ದಿಲ್ಲದೆ ಕೂತಿರುತ್ತದೆ. ಹಾಗೆಂದು ಹೋಟೆಲಿನವರ ನೆನಪು ಸುಳ್ಳೆಂದು ಹೇಳಲಾರೆ. ಅಷ್ಟು ಜನ ಒಟ್ಟಿಗೆ ಒಂದು ಹಗ್ಗ ಹಿಡಿಯುವ ಕೆಲಸ ಆಮೇಲೆ ನಮ್ಮ ದಂಡೆಗೆ ಬರಲೇ ಇಲ್ಲ. 1970ರ ದಶಕದ ನಡುವಿಗೆ ಪರ್ಸೀನ್ ಬೋಟುಗಳು ಬಂದವು. ದಡಕ್ಕೆ ಬರುವ ಮೊದಲೇ ಹಿಂಡನ್ನು ಕಡಲಲ್ಲೇ ಸುತ್ತುವರಿದು, ಬಲೆಯ ತಳವನ್ನು ಚೀಲದ ಬಾಯಿಯ ಹಾಗೆ ಬಿಗಿದು ಎತ್ತುವ ಬಲೆ ಅದು. ಜಗಳವಾಯಿತು, ಹೊಡೆದಾಟವಾಯಿತು. ದಶಕ ಮುಗಿಯುವಷ್ಟರಲ್ಲಿ ರಂಪಣಿಗೆ ಬಂದು ಬೀಳುವ ಮೀನೇ ಇಲ್ಲದಾಯಿತು. ಹಿಂದಿನ ಬೆಂಚುಗಳು ತುಂಬಿದವು. ಹಾಜರಾತಿ ಹೆಚ್ಚಾಯಿತೆಂದು ನಮ್ಮ ಇನ್‌ಸ್ಪೆಕ್ಟರು ಸಂತೋಷಪಟ್ಟರು.

ಸಿಂಡಿಕೇಟಿನವರಿಗೆ ಅಂಕಿಸಂಖ್ಯೆ ಇಲ್ಲದ ನೆನಪು ರುಚಿಸುವುದಿಲ್ಲ. ಅವರು ಫೋನಿನಲ್ಲಿ ಓದಿ ಹೇಳುತ್ತಾರೆ: ಪಕ್ಕದ ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು, 2021ರಲ್ಲಿ ಸಿಕ್ಕಿದ್ದು 3,297 ಟನ್. ಕಡಲ ನೀರಿನ ಬಿಸಿಯೂ ಕಾರಣ, ಮರಿಮೀನು ಬಳಿದು ಫಿಶ್‌ಮೀಲ್ ಕಾರ್ಖಾನೆಗೆ ಕಳಿಸುವುದೂ ಕಾರಣ ಎನ್ನುತ್ತಾರೆ. ಬೆಳಕು ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರಕಾರ 2017ರಲ್ಲೇ ನಿಷೇಧಿಸಿದೆ ಎಂದೂ ಸೇರಿಸುತ್ತಾರೆ. "ಹೌದ್, ರಾತ್ರಿ ದಂಡೆ ಮೇಲ್ ನಿಂತ್ ಕಾಣಿ, ಕಡ್ಲಾಗೆ ದೀಪಾವಳಿ" ಎನ್ನುತ್ತಾನೆ ಯಜಮಾನ.

ಬೋಟುಗಳಲ್ಲಿ ದುಡಿಯುವವರು ಈಗ ಹೆಚ್ಚಾಗಿ ಒಡಿಶಾ, ಜಾರ್ಖಂಡ್ ಕಡೆಯವರು. ಹೊರಗಿನವರು ಬಂದು ತುಂಬಿಕೊಂಡರು ಎಂದು ಹೋಟೆಲಿನವರು ಶುರುಮಾಡಿದ್ದರು. ನೀವು ಯಾವ ವಯಸ್ಸಿಗೆ ಮುಂಬಯಿಗೆ ಹೋದದ್ದು ಎಂದು ಕೇಳಿದೆ. ಹನ್ನೆರಡು. ಕಪ್ಪು-ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಕಲಿತವರು. ಅಲ್ಲಿಯವರೂ ನಿಮ್ಮನ್ನು ಹೀಗೇ ಅಂದಿರಬೇಕಲ್ಲ ಎಂದೆ. "ಅಂದಿದ್ದಾರೆ, ಬರೇ ಅಂದದ್ದಲ್ಲ" ಎಂದು ಸ್ವಲ್ಪ ಹೊತ್ತು ಕಾಂಡ್ಲಾ ಗಿಡಗಳನ್ನೇ ನೋಡುತ್ತಾ ಕೂತರು. ಆಮೇಲೆ, ತಾವು ಬೀಸುಬಲೆ ಹಾಕುತ್ತೇನೆ, ಕೊಡು ಎಂದರು.

ಬೀಸುಬಲೆ ಹಾಕುವುದನ್ನು ನೋಡಬೇಕು. ಯಜಮಾನ ಬಲೆಯ ಹುರಿಯನ್ನು ಎಡಗೈ ಮಣಿಕಟ್ಟಿಗೆ ಸಿಕ್ಕಿಸಿ, ಅರ್ಧ ಬಲೆಯನ್ನು ಮೊಣಕೈ ಮೇಲೆ ಹೊದ್ದು, ಸೀಸದ ಗುಂಡಿರುವ ಅಂಚನ್ನು ಹಲ್ಲಿನಲ್ಲಿ ಕಚ್ಚಿ ನಿಲ್ಲುತ್ತಾನೆ. ಸೊಂಟ ಒಮ್ಮೆ ಹಿಂದಕ್ಕೆ ತಿರುಗಿ ಮುಂದಕ್ಕೆ ಬರುವಾಗ ಬಾಯಿ ಬಿಡಬೇಕು. ಒಂದು ಕ್ಷಣ ಮೊದಲೂ ಅಲ್ಲ, ಆಮೇಲೂ ಅಲ್ಲ. ಬಲೆ ಗಾಳಿಯಲ್ಲಿ ದುಂಡಗೆ ಬಿಚ್ಚಿಕೊಂಡು, ಗುಂಡುಗಳೆಲ್ಲ ಒಟ್ಟಿಗೆ ನೀರಿಗೆ ಬೀಳುವ ಸದ್ದು ಕೇಳುತ್ತದೆ. ಹೋಟೆಲಿನವರ ಬಲೆ ಗಂಟಾಗಿ ಬಿತ್ತು. ಬಾಯಿ ಬಿಡುವುದನ್ನು ಅವರು ಮರೆತಿದ್ದರು. ಇಡೀ ದಿನ ಬಾಯಿ ಮುಚ್ಚದವರು ಬೇಕಾದಾಗ ಮಾತ್ರ ಬಿಡಲಿಲ್ಲ ಎಂದು ಸಿಂಡಿಕೇಟಿನವರು ಹೇಳಿದ್ದನ್ನು ಅವರು ಇವತ್ತಿಗೂ ಕ್ಷಮಿಸಿಲ್ಲ.

ಹೆಂಗಸರು ದೋಣಿ ಹತ್ತುವ ವಿಷಯವನ್ನು ನಾನೇ ಎತ್ತುತ್ತೇನೆ, ಬೇರೆ ಯಾರೂ ಎತ್ತುವುದಿಲ್ಲ. ಮೀನು ವಿಂಗಡಿಸಲು, ಒಣಗಿಸಲು, ಹೊರಲು, ಮಾರಲು, ಸಾಲಕ್ಕೆ ಓಡಾಡಲು ಹೆಂಗಸು ಬೇಕು. ಕಡಲಿಗಿಳಿಯುವ ದೋಣಿಗೆ ಮಾತ್ರ ಬೇಡ. ನಾನು ಬರತೊಡಗಿದ ಹೊಸತರಲ್ಲಿ ದಡದ ಮುದುಕರೊಬ್ಬರು ಯಜಮಾನನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಅವನು ಬಂದು, "ಎಂತ ಇಲ್ಲ ಟೀಚರ್, ನೀವ್ ಮಧ್ಯ ಕೂಕಣಿ" ಎಂದ. ಈಗ ಅವನ ಮಗಳು ಬೆಂಗಳೂರಿನಿಂದ ರಜೆಗೆ ಬಂದರೆ ಹುಟ್ಟು ಅವಳದ್ದೇ. ಕೆಳಗಿನ ನೀರು ಹೊಳೆಯದ್ದೋ ಕಡಲಿನದ್ದೋ ಎಂದು ಆ ಮುದುಕರು ಇನ್ನೂ ತೀರ್ಮಾನಿಸಿಲ್ಲ, ಆದ್ದರಿಂದ ಸುಮ್ಮನಿದ್ದಾರೆ.

ಸದ್ಯ ನಮ್ಮ ಮುಂದಿರುವುದು ಇಂಜಿನಿನ ಪ್ರಶ್ನೆ. ಪ್ರಸ್ತಾವ ಮಂಡಿಸಿದವರು ವಿಜಯಾದವರು. ಯಜಮಾನನಿಗೂ ವಯಸ್ಸಾಯಿತು, ಇಳಿತದ ವಿರುದ್ಧ ಎಷ್ಟೆಂದು ಹುಟ್ಟು ಹಾಕುವುದು? ಹತ್ತು ಅಶ್ವಶಕ್ತಿಯೊಳಗಿನದ್ದಾದರೆ ಜೂನ್, ಜುಲೈಯ ಮೀನುಗಾರಿಕೆ ನಿಷೇಧವೂ ಅನ್ವಯಿಸುವುದಿಲ್ಲ ಎಂದು ನಿಯಮವನ್ನೂ ತಂದಿದ್ದರು. ಹೊಲಿದ ಹಲಗೆ ಇಂಜಿನಿನ ಅದುರಿಗೆ ತಾಳುವುದಿಲ್ಲ ಎಂದು ನಾನು ವಿರೋಧಿಸಿದೆ. ಹೋಟೆಲಿನವರು ಖರ್ಚು ಕೇಳಿದರು. ಎಲ್ಲಕ್ಕಿಂತ ದೊಡ್ಡ ಆಕ್ಷೇಪ ಸಿಂಡಿಕೇಟಿನವರದು:

"ಇಂಜಿನು ಇಟ್ಟರೆ ಆ ಸದ್ದಿಗೆ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳಿಸುವುದಿಲ್ಲವಲ್ಲ!"

ಯಜಮಾನ ಹುಟ್ಟು ಒಳಗಿಟ್ಟು, ಮೊದಲ ಸಲ ತಾನಾಗಿ ನಮ್ಮ ಕಡೆ ತಿರುಗಿ ಕೂತ.

"ಹಂಗಾರೆ ಹಾಕ್ವ. ಅರ್ಧ ದುಡ್ಡ್ ನಾನ್ ಕೊಡ್ತೆ."