ಅನುಭವ: ಇಲ್ಲ

ಇಲ್ಲಿ ಏನಾದರೂ ಬರೆದು ಬಹಳ ದಿನವಾಯ್ತು. ಸೋಮಾರಿತನ ಅಂತ ಬೈಬೇಡಿ, ಭಾನುವಾರಗಳೆಲ್ಲ ಬೇರೆಯವರ ಅರ್ಜಿ ಬರೆಯೋದರಲ್ಲೇ ಕಳೆದುಹೋಗ್ತಿವೆ :-)

ಬೀರೂರಿನಲ್ಲಿ ನನ್ನ ಗೆಳೆಯನದೊಂದು ಜೆರಾಕ್ಸ್ ಅಂಗಡಿ ಇದೆ. ಬೀರೂರು ಗೊತ್ತಲ್ಲ, ರೈಲು ಹಾದಿ ಕವಲೊಡೆಯುವ ಊರು. ಕಡೂರಿನಿಂದ ಬಂದ ಹಾದಿ ಇಲ್ಲಿ ಎರಡಾಗಿ, ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ ಹೋಗುತ್ತದೆ. ಹಾಗಾಗಿ ಮೂರೂ ಕಡೆಯ ಹುಡುಗ ಹುಡುಗಿಯರು ಅವನ ಅಂಗಡಿಗೆ ಬರುತ್ತಾರೆ. "ಅಣ್ಣಾ, ಒಂದು ರೆಸ್ಯೂಮ್ ಮಾಡ್ಕೊಡಿ" ಅನ್ನುತ್ತಾರೆ. ಅವನಿಗೆ ಪ್ರಿಂಟ್ ತೆಗೆಯೋಕೆ ಬರುತ್ತೆ, ಬರೆಯೋಕೆ ಬೇಜಾರು. ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ್ದಾನೆ.

ಮೊದಮೊದಲು ನನಗೆ ಇದೇನು ಮಹಾ ಅನ್ನಿಸಿತ್ತು. ಎರಡೇ ವಾರಕ್ಕೆ ಅಹಂಕಾರ ಇಳಿಯಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನಿಷಿಯಲ್ಲೇ ಇಲ್ಲ. ಅಜ್ಜಂಪುರ ಮೊದಲು ತರೀಕೆರೆ ತಾಲ್ಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲ್ಲೂಕು. ಹಳೇ ದಾಖಲೆಯಲ್ಲಿ ಒಂದು ತಾಲ್ಲೂಕು, ಹೊಸ ಅರ್ಜಿಯಲ್ಲಿ ಇನ್ನೊಂದು. ಜಾತಿ-ಆದಾಯ ಪತ್ರಕ್ಕೆ ನಾಡಕಚೇರಿ, ಕನ್ನಡ ಮಾಧ್ಯಮದ ಪತ್ರಕ್ಕೆ ಓದಿದ ಶಾಲೆಯ ಹೆಡ್‌ಮಾಸ್ತರು, ಗ್ರಾಮೀಣ ಮೀಸಲಾತಿ ಪತ್ರಕ್ಕೆ ಹೆಡ್‌ಮಾಸ್ತರ ಸಹಿಯ ಮೇಲೆ ಬಿಇಓ ಸಹಿ. ಕೂಲಿ ಬಿಟ್ಟು ಒಂದೊಂದು ಕಾಗದಕ್ಕೂ ಒಂದೊಂದು ದಿನ ಓಡಾಡಬೇಕು. ಕೊನೇ ದಿನಾಂಕದ ಹಿಂದಿನ ದಿನ ಬಂದವರನ್ನು ನಾವು "ಇಷ್ಟು ದಿನ ಏನ್ ಮಾಡ್ತಿದ್ರಿ?" ಅಂತ ಸಲೀಸಾಗಿ ಕೇಳಿಬಿಡುತ್ತೇವೆ. ದುಡೀತಿದ್ರು, ಅಷ್ಟೇ.

ಆದರೆ ನಾನು ಹೇಳಬೇಕೆಂದಿದ್ದು ಕಾಗದದ ಕಥೆಯಲ್ಲ. ನಾನೇ ಮಾಡಿದ ಒಂದು ತಪ್ಪಿನ ಕಥೆ.

ಶುರುವಿನಲ್ಲಿ ಅಜ್ಜಂಪುರ ಕಡೆಯ ಒಬ್ಬ ಹುಡುಗ ಬಂದಿದ್ದ. ಬಿ.ಎ. ಮುಗಿಸಿದ್ದ. ಅಪ್ಪ ಇಲ್ಲ, ಅಮ್ಮ ಕೂಲಿ. ನಾನು ಇಂಟರ್ನೆಟ್ಟಿನಲ್ಲಿ ಸಿಕ್ಕ ಮಾದರಿಯೊಂದಕ್ಕೆ ಅವನ ಹೆಸರು ಅಂಟಿಸಿ, ಇಂಗ್ಲಿಷಿನಲ್ಲಿ ಭರ್ಜರಿ 'ಕೆರಿಯರ್ ಆಬ್ಜೆಕ್ಟಿವ್' ಬರೆದುಕೊಟ್ಟೆ. ಬೆಂಗಳೂರಿನ ಇಂಟರ್‌ವ್ಯೂನಲ್ಲಿ ಆ ಮೊದಲ ಸಾಲನ್ನೇ ತೋರಿಸಿ "ಇದರ ಅರ್ಥ ಹೇಳಪ್ಪ" ಅಂದರಂತೆ. ಇವನಿಗೆ ಗೊತ್ತಿಲ್ಲ. ಅಲ್ಲಿದ್ದವರು ನಕ್ಕರಂತೆ. ವಾಪಸು ಬಂದವನು ನನ್ನ ಮೇಲೆ ರೇಗಲಿಲ್ಲ. "ನೀವು ಚೆನ್ನಾಗೇ ಬರ್ದಿದ್ರಿ ಕಣಣ್ಣ, ನಂಗೇ ಓದಕ್ ಬರ್ಲಿಲ್ಲ" ಅಂದ. ರೇಗಿದ್ದರೆ ವಾಸಿಯಿತ್ತು. ಆಮೇಲೆ ಅವನು ಅಂಗಡಿ ಕಡೆ ಬರಲೇ ಇಲ್ಲ.

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ಅವರು ಬಾಯಿಬಿಟ್ಟು ಹೇಳಲಾಗದ ಮಾತನ್ನು ನಾನು ಬರೆಯಬಾರದು.

ಹೋದ ವರ್ಷ ತರೀಕೆರೆ ಕಡೆಯ ತಾಂಡಾದಿಂದ ಒಬ್ಬ ಹುಡುಗಿ ಅವ್ವನನ್ನು ಕರೆದುಕೊಂಡು ಬಂದಳು. ಪಿಯುಸಿ ಕಾಮರ್ಸ್. ಅವ್ವ ಮೊದಲು ಕೇಳಿದ್ದು "ಆ ಮೂರು ಸಾವಿರ ಬತ್ತದಂತಲ್ಲ ಸ್ವಾಮಿ, ಅದ್ನಾದ್ರೂ ಬರ್ಸಿ" ಅಂತ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಕೊಟ್ಟ ಯುವನಿಧಿಯ ವಿಷಯ. ಅದು ಪದವಿ ಮಾಡಿದವರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500, ಹೆಚ್ಚೆಂದರೆ ಎರಡು ವರ್ಷ. ಪಿಯುಸಿಗೆ ನಿಂತವರಿಗೆ ಇಲ್ಲ. ಹೇಳಿದಾಗ ಆ ತಾಯಿಯ ಮುಖ ಸಣ್ಣದಾಯಿತು. ಓದು ನಿಲ್ಲಿಸಿದ್ದು ದುಡ್ಡಿಲ್ಲದ್ದಕ್ಕೆ, ದುಡ್ಡು ಬಾರದ್ದು ಓದು ನಿಲ್ಲಿಸಿದ್ದಕ್ಕೆ!

ಅರ್ಜಿಯಲ್ಲಿ 'ಅನುಭವ' ಅನ್ನುವ ಕಡೆ ಹುಡುಗಿ ಆಗಲೇ ಪೆನ್ನಿನಲ್ಲಿ 'ಇಲ್ಲ' ಅಂತ ಬರೆದುಕೊಂಡೇ ಬಂದಿದ್ದಳು.

"ಎರಡು ವರ್ಷ ಮನೇಲಿ ಏನ್ ಮಾಡ್ತಿದ್ದೆ ತಾಯಿ?"

"ಏನಿಲ್ಲಣ್ಣ. ಅವ್ವನ ಜೊತೆ ಅಡಿಕೆ ಸುಲಿಯೋಕೆ ಹೋಗ್ತಿದ್ದೆ."

"ನೀನೂ ಸುಲೀತಿದ್ದೆಯಾ?"

"ಇಲ್ಲ, ಲೆಕ್ಕ ಬರ್ಕೊಳ್ತಿದ್ದೆ. ಯಾರು ಎಷ್ಟು ಡಬ್ಬ ಸುಲಿದ್ರು, ಯಾರು ಮುಂಗಡ ತಗೊಂಡಿದಾರೆ, ಕಳೆದು ಎಷ್ಟು ಕೊಡ್ಬೇಕು ಅಂತ. ಇಪ್ಪತ್ತು ಜನ ಇದ್ರು. ವಾರಕ್ಕೊಂದ್ಸಲ ಬಟವಾಡೆ."

"ಲೆಕ್ಕ ತಪ್ತಿತ್ತಾ?"

ಅವ್ವನೇ ನಡುವೆ ಬಾಯಿ ಹಾಕಿದಳು. "ತಪ್ಪಿದ್ರೆ ನಮ್ಮ ಹೆಂಗಸ್ರು ಬಿಡ್ತಾರಾ ಸ್ವಾಮಿ?"

ಮೂವರೂ ನಕ್ಕೆವು. 'ಇಲ್ಲ' ಹೊಡೆದುಹಾಕಿದೆ. ಅವಳು ಹೇಳಿದ್ದನ್ನೇ ಕನ್ನಡದಲ್ಲಿ ಎರಡು ಸಾಲು ಬರೆದೆ: ಎರಡು ಸುಗ್ಗಿ, ಇಪ್ಪತ್ತು ಜನರ ದಿನದ ಲೆಕ್ಕ, ಮುಂಗಡ, ವಾರದ ಬಟವಾಡೆ. ಅದನ್ನು ಅವಳ ಕೈಯಲ್ಲೇ ನಾಲ್ಕು ಸಲ ಹೇಳಿಸಿದೆ. ಮೊದಲ ಸಲ ನೆಲ ನೋಡಿಕೊಂಡು ಹೇಳಿದಳು. ನಾಲ್ಕನೇ ಸಲ ನನ್ನ ಮುಖ ನೋಡಿಕೊಂಡು.

ಮೂರು ಕಡೆ ಹೋಗಿ ಬಂದಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚಿಲ್ಲ, ಅದೊಂದು ದೊಡ್ಡ ಉಪಕಾರ. ಎರಡು ಕಡೆ ಆಗಲಿಲ್ಲ. ಮೂರನೆಯದು ಕಡೂರಿನ ಒಂದು ಅಂಗಡಿ. "ಮುಂಗಡ ಹೆಂಗೆ ಮುರ್ಕೊಳ್ತಿದ್ದೆ, ಬರೆದು ತೋರ್ಸು" ಅಂದರಂತೆ. ತೋರಿಸಿದಳು. ಸಂಬಳ ದೊಡ್ಡದೇನಲ್ಲ, ಆದರೆ ಈಗ ಅಲ್ಲೇ ಲೆಕ್ಕ ಬರೆಯುತ್ತಿದ್ದಾಳೆ.

ಇದು ನನ್ನ ಸಾಧನೆ ಅಂತ ಹೇಳ್ತಿಲ್ಲ ಮಾರಾಯ್ರೇ. ಅನುಭವ ಅವಳದ್ದು. ಅದಕ್ಕೆ 'ಅನುಭವ' ಅನ್ನೋ ಹೆಸರಿದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಬೋರ್‌ವೆಲ್ ಮೋಟಾರು ಬಿಚ್ಚಿ ಜೋಡಿಸುವವನು, ಸ್ವಸಹಾಯ ಸಂಘದ ಪುಸ್ತಕ ಬರೆಯುವವಳು, ಎಲ್ಲರೂ 'ಇಲ್ಲ' ಅಂತಲೇ ಬರೆಯುತ್ತಾರೆ. ನಾವೂ ಹಾಗೆಯೇ ನಂಬುತ್ತೇವೆ.

ಕಳೆದ ತಿಂಗಳು ಅಜ್ಜಂಪುರದ ಆ ಹುಡುಗನ ನಂಬರ್ ಹುಡುಕಿ ಫೋನ್ ಮಾಡಿದೆ. ಈರುಳ್ಳಿ ಲೋಡಿಂಗ್‌ಗೆ ಹೋಗ್ತಿದೀನಿ ಅಂದ. ತೋಟದ ಮನೆಗಳ ವೈರಿಂಗ್ ಕೆಲಸಕ್ಕೂ ಕರೀತಾರಂತೆ. ನೋಡಿ, ಇದನ್ನು ಅವತ್ತು ನಾನು ಕೇಳಿಯೇ ಇರಲಿಲ್ಲ! 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಶುರುವಾಯಿತಲ್ಲ, ಅದರ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆ ಜಿಲ್ಲೆಗಳಲ್ಲಿ ನಡೆಸುವ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಿವೆ. ಊಟ, ವಸತಿ, ಕಲಿಕೆ ಎಲ್ಲ ಉಚಿತ. ವೈರಿಂಗ್ ತರಬೇತಿಗೆ ಅರ್ಜಿ ಹಾಕೋಣವಾ ಅಂದೆ.

"ನೋಡಾಣ ಬಿಡಣ್ಣ" ಅಂದ.

ಆ 'ನೋಡಾಣ' ಅಂದರೆ ಹೂಂ ಅಂತಲೋ ಉಹೂಂ ಅಂತಲೋ ಇನ್ನೂ ಗೊತ್ತಾಗಿಲ್ಲ. ಬರುವ ಭಾನುವಾರ ರೈಲು ಹತ್ತಿ ನಾನೇ ಅಜ್ಜಂಪುರಕ್ಕೆ ಹೋಗಿ ಬರಬೇಕು. ಈ ಸಲ ಅವನು ಹೇಳಲಿ, ನಾನು ಬರೆದುಕೊಳ್ತೀನಿ.

ನಿಮ್ಮೂರಲ್ಲೂ ಯಾರಾದರೂ 'ಅನುಭವ: ಇಲ್ಲ' ಅಂತ ಬರೆದುಕೊಂಡು ಬಂದರೆ, ಹೊಡೆದುಹಾಕುವ ಮುಂಚೆ ಒಂದು ಟೀ ಕುಡಿಸಿ ಮಾತಾಡಿಸಿ ನೋಡಿ. ಏನು ಸಿಕ್ಕಿತು ಅಂತ ನನಗೂ ತಿಳಿಸಿ.